ಅವನಿಗೂ ಒಂದು ಊರು ಅಂತ ಇರಲ್ವಾ

ಭಾನುವಾರದಿಂದ ಅಮ್ಮ ಆಡಿದ ಒಂದು ಮಾತು ತಲೇಲಿ ಸುತ್ತುತ್ತಾನೇ ಇದೆ. ಆಫೀಸಲ್ಲಿ ಕೂತ್ರೂ ಅದೇ, ಮೆಟ್ರೋದಲ್ಲಿ ನಿಂತ್ರೂ ಅದೇ. ಬರೆದ್ರಾದ್ರೂ ಸ್ವಲ್ಪ ಹಗುರ ಆಗುತ್ತೇನೋ ಅಂತ ಕೂತಿದೀನಿ.

ಮಗನಿಗೆ ಶನಿವಾರದಿಂದ ಜ್ವರ ಇತ್ತು. ವಿಜಯನಗರದಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಎಲ್ಲೂ ಹೋಗೋ ಹಾಗಿಲ್ಲ, ಅವನು ಅಜ್ಜಿ ತೊಡೆ ಮೇಲೆ ತಲೆ ಇಟ್ಕೊಂಡು ಬೊಂಬೆಗಳಿಗೆ ಜೀವ ಇರೋ ಆ ಟಾಯ್ ಸ್ಟೋರಿ ಸಿನಿಮಾದ ನಾಲ್ಕನೇ ಭಾಗ ಹಾಕ್ಕೊಂಡ. ನಾನು ಅಡುಗೆಮನೇಲಿ ಗಂಜಿ ಕಲಕ್ತಾ ಇದ್ದೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅದಕ್ಕೆ ಇವನು ಪಕ್ಕದಲ್ಲೇ ಕನ್ನಡದಲ್ಲಿ ಹೇಳ್ತಾ ಹೋಗ್ತಾನೆ, ಅವನಿಗೆ ಗೊತ್ತಿರೋ ಕನ್ನಡದಲ್ಲಿ, ಅಂದ್ರೆ ಹತ್ತು ಮಾತಿಗೆ ಎರಡು ಹೇಳ್ತಾನೆ. ಉಳಿದಿದ್ದನ್ನ ಅಮ್ಮ ಮುಖ ನೋಡಿ ಅರ್ಥ ಮಾಡ್ಕೋತಾಳೆ. ಎಷ್ಟು ಸರಿಯಾಗಿ ಅರ್ಥ ಮಾಡ್ಕೋತಾಳೆ ಅಂದ್ರೆ ನನಗೆ ಆಶ್ಚರ್ಯ ಆಗುತ್ತೆ.

ಸಿನಿಮಾ ಕೊನೇಲಿ ವುಡಿ, ಆ ಟೋಪಿ ಹಾಕ್ಕೊಂಡಿರೋ ಬೊಂಬೆ, ತನ್ನ ಹಳೇ ಗೆಳತಿ ಬೋ ಪೀಪ್‌ಗೆ ಟಾಟಾ ಹೇಳಿ ವಾಪಸ್ ಹೊರಟಿರ್ತಾನೆ. ಕಾಲು ಮಾತ್ರ ಮುಂದಕ್ಕೆ ಹೋಗ್ತಿರಲ್ಲ. ಅವಾಗ ಅವನ ಜೊತೆಗಾರ ಬೊಂಬೆ ಬಝ್ ಹೇಳ್ತಾನೆ, ಅವಳು ಚೆನ್ನಾಗಿರ್ತಾಳೆ ಅಂತ. ಬೋ ಬಗ್ಗೆ ಹೇಳ್ತಿದಾನೆ ಅಂತ ನಾವು ಅಂದ್ಕೊಳ್ಳೋ ಅಷ್ಟರಲ್ಲಿ, ಬಾನಿ ಚೆನ್ನಾಗಿರ್ತಾಳೆ ಅಂತಾನೆ. ಬಾನಿ ಅಂದ್ರೆ ಇವನ್ನೆಲ್ಲ ಇಟ್ಕೊಂಡಿರೋ ಮಗು. ನೀನು ಇಲ್ಲದಿದ್ರೂ ಆ ಮಗು ಚೆನ್ನಾಗಿರುತ್ತೆ, ನೀನು ಹೋಗು, ಅಂತ ಒಬ್ಬ ಸ್ನೇಹಿತ ಹೇಳೋ ಮಾತು ಅದು.

ಮಗ ಅದನ್ನ ಅಜ್ಜಿಗೆ ಹೇಳಿ ಆಮೇಲೆ ಕೇಳಿದ, "ಬಾನೀನ ಬಿಟ್ಟು ಹೋಗೋದು ತಪ್ಪಲ್ವಾ ಅಜ್ಜಿ?"

ಅಮ್ಮ ಅವನ ಹಣೆ ಮೇಲಿದ್ದ ಒದ್ದೆ ಬಟ್ಟೆ ತಿರುಗಿಸಿ ಹಾಕ್ತಾ ಅಂದಳು, "ಎಷ್ಟು ದಿನ ಅಂತ ಕಾಯ್ತಾನೋ ಮರಿ. ಅವನಿಗೂ ಒಂದು ಊರು ಅಂತ ಇರಲ್ವಾ?"

ಅಷ್ಟೇ. ಸೌಟು ಹಿಡ್ಕೊಂಡು ಹಾಗೇ ನಿಂತುಬಿಟ್ಟೆ, ಗಂಜಿ ತಳ ಹಿಡೀತು.

ಯಾಕೆ ಅಂತ ಹೇಳ್ತೀನಿ. ಆ ಸಿನಿಮಾದಲ್ಲಿ ಊರು ಅನ್ನೋದೇ ಇಲ್ಲ. ವುಡಿ ಯಾವ ಊರಿಗೂ ಹೋಗಲ್ಲ, ಜಾತ್ರೆ ಥರ ಊರೂರು ಸುತ್ತೋ ಕಾರ್ನಿವಲ್ ಜೊತೆ ಹೋಗ್ತಾನೆ. ಮಗ ಹೇಳಿದ ಕನ್ನಡದಲ್ಲೂ ಊರು ಅನ್ನೋ ಪದ ಬರಲಿಲ್ಲ, ನಾನು ಕೇಳಿಸ್ಕೊಂಡಿದೀನಿ. ಊರು ಬಂದಿದ್ದು ಅಮ್ಮನ ಕಡೆಯಿಂದ.

ಅಮ್ಮನ ಊರು ಚನ್ನರಾಯಪಟ್ಟಣದ ಹತ್ರ. ಮಗನಿಗೆ ಎಂಟು ತಿಂಗಳಿದ್ದಾಗ, ನನ್ನ ಹೆರಿಗೆ ರಜ ಮುಗೀತು ಅಂತ ಒಂದು ಬ್ಯಾಗು ತಗೊಂಡು ಬಂದಳು. ಅಪ್ಪ ಹೋಗಿ ಎರಡು ವರ್ಷ ಆಗಿತ್ತು. ಆರು ತಿಂಗಳು ನೋಡೋಣ ಅಂದಿದ್ವಿ. ಮಗ ಈಗ ಐದನೇ ಕ್ಲಾಸು. ಈ ಒಂಬತ್ತು ವರ್ಷದಲ್ಲಿ ಅವಳು ಊರಿಗೆ ಹೋಗಿದ್ದೆಲ್ಲ ಯಾರದ್ದೋ ಮದುವೆ, ಯಾರದ್ದೋ ತಿಥಿ ಅಂತ, ಮೂರು ದಿನಕ್ಕೆ ವಾಪಸ್. ನನ್ನ ನಾದಿನಿ ಒಂದ್ಸಲ, "ಅತ್ತಿಗೆ, ನಿಮ್ಮಮ್ಮ ಇರೋದ್ರಿಂದ ನಿಮಗೆ ಆಯಾ ಖರ್ಚು ಉಳೀತು ಬಿಡಿ" ಅಂದಿದ್ಲು. ಅವತ್ತು ಅವಳ ಮೇಲೆ ಎಷ್ಟು ಕೋಪ ಬಂದಿತ್ತು ಅಂದ್ರೆ ಒಂದು ತಿಂಗಳು ಫೋನ್ ಮಾಡಿರಲಿಲ್ಲ. ಅವಳಿಗೆ ಮಾತಾಡೋಕೆ ಬರಲ್ಲ, ಈಗಲೂ ಅದನ್ನೇ ಹೇಳ್ತೀನಿ. ಆದ್ರೆ ಮಾತು ಸುಳ್ಳಾಗಿರಲಿಲ್ಲ ಅಂತ ಈ ವಾರ ಒಪ್ಕೊಬೇಕಾಯ್ತು.

ಇನ್ನೊಂದು ವಿಷಯ ಹೇಳ್ಬೇಕು. ಈ ನಾಲ್ಕನೇ ಭಾಗ ನನಗೆ ಇಷ್ಟಾನೇ ಇರಲಿಲ್ಲ. ಟಾಯ್ ಸ್ಟೋರಿ ಮೊದಲನೇದು 1995ರಲ್ಲಿ ಬಂದಿದ್ದು, ಪೂರ್ತಿ ಕಂಪ್ಯೂಟರಲ್ಲೇ ಮಾಡಿದ ಮೊದಲ ಫುಲ್ ಲೆಂಗ್ತ್ ಸಿನಿಮಾ ಅದು, ಎರಡನೇದು 1999ರಲ್ಲಿ, ಮೂರನೇದು 2010ರಲ್ಲಿ. ಮೂರನೇದರಲ್ಲಿ ಆ್ಯಂಡಿ ಕಾಲೇಜಿಗೆ ಹೋಗೋ ಮುಂಚೆ ತನ್ನ ಬೊಂಬೆಗಳನ್ನ ಒಂದೊಂದಾಗಿ ಬಾನಿ ಕೈಗೆ ಕೊಡ್ತಾನಲ್ಲ, ಥಿಯೇಟರಲ್ಲಿ ನಾನು ಅತ್ತುಬಿಟ್ಟಿದ್ದೆ. ಆಗಷ್ಟೇ ನಾನೂ ಮನೆ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಬಂದಿದ್ದ ಕಾಲ, ಪಿಜೀಲಿ ಇದ್ದೆ. ಕಥೆ ಅಲ್ಲಿಗೆ ಮುಗೀತು, ಅದಕ್ಕಿಂತ ಚೆನ್ನಾಗಿ ಮುಗಿಸೋಕೆ ಆಗಲ್ಲ. 2019ರಲ್ಲಿ ನಾಲ್ಕನೇದು ಬಂದಾಗ ನಮ್ಮ ಆಫೀಸಿನ ಒಬ್ಬರು ಟೀ ಕುಡೀತಾ "ದುಡ್ಡಿಗೋಸ್ಕರ ಎಳೀತಿದಾರೆ, ಸತ್ತಿರೋ ಹಸೂಗೆ ಹಾಲು ಕರೆದಂಗೆ" ಅಂದ್ರು, ನಾನೂ ಹೌದು ಹೌದು ಅಂದೆ. ಅದಕ್ಕೆ ಆಸ್ಕರ್ ಬಂದಾಗಲೂ ನನ್ನ ಮನಸ್ಸು ಬದಲಾಗಲಿಲ್ಲ. ಅವರು ಈಗಲೂ ಯಾವ ಸೀಕ್ವೆಲ್ ಬಂದ್ರೂ ಅದೇ ಮಾತು ಹೇಳ್ತಾರೆ, ಒಂದನ್ನೂ ಪೂರ್ತಿ ನೋಡಿರಲ್ಲ. ಒಳ್ಳೇ ಮನುಷ್ಯರೇ, ಆದ್ರೆ ನೋಡದೇ ತೀರ್ಪು ಕೊಡೋದು ನನಗೆ ಈಗ ಹಿಡಿಸ್ತಿಲ್ಲ.

ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು ಮತ್ತೆ ಹಾಕ್ಕೊಂಡೆ. ಮೊದಲನೇ ಸಲ ನೋಡ್ದಾಗ ನನ್ನ ಕಣ್ಣು ಎಲ್ಲಿತ್ತೋ ಗೊತ್ತಿಲ್ಲ. ಬಾನಿ ಆಟಕ್ಕೆ ಎಲ್ಲ ಬೊಂಬೆಗಳನ್ನ ತಗೋತಾಳೆ, ವುಡೀನ ಕಪಾಟಲ್ಲೇ ಬಿಡ್ತಾಳೆ. ಅವನ ಶೆರಿಫ್ ಬ್ಯಾಡ್ಜ್ ಕಿತ್ತು ಜೆಸ್ಸಿ ಅನ್ನೋ ಬೊಂಬೆಗೆ ಹಾಕ್ತಾಳೆ. ಅವನಿಗೆ ಧೂಳು ಮೆತ್ಕೊಂಡಿರುತ್ತೆ. ಆದ್ರೂ ಆ ಮಗು ಮೊದಲನೇ ದಿನ ಸ್ಕೂಲಿಗೆ ಹೋದಾಗ ಯಾರಿಗೂ ಗೊತ್ತಾಗದ ಹಾಗೆ ಬ್ಯಾಗೊಳಗೆ ಕೂತು ಹೋಗ್ತಾನೆ, ಅವಳು ಅಳ್ತಿರೋದು ನೋಡಿ ಕಸದ ಬುಟ್ಟಿಯಿಂದ ಕ್ರೇಯಾನು, ಕಡ್ಡಿ ಎಲ್ಲ ಹೆಕ್ಕಿ ಅವಳ ಮುಂದೆ ಹಾಕ್ತಾನೆ. ಅದರಿಂದ ಅವಳು ಮಾಡಿದ ಪ್ಲಾಸ್ಟಿಕ್ ಚಮಚದ ಬೊಂಬೇನ ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯ್ತಾನೆ. ಯಾಕಿಷ್ಟು ಒದ್ದಾಡ್ತೀಯ ಅಂತ ಬೋ ಕೇಳಿದ್ರೆ, ನನಗೆ ಇನ್ನು ಉಳಿದಿರೋದು ಇದೊಂದೇ ಕೆಲಸ ಅನ್ನೋ ಅರ್ಥದಲ್ಲಿ ಕೂಗ್ತಾನೆ.

ನಾನು ಅಲ್ಲಿಗೆ ನಿಲ್ಲಿಸಿದೆ. ಮುಂದೆ ನೋಡೋಕೆ ಆಗಲಿಲ್ಲ.

ಮಗ ಈಗ ಶೂ ತಾನೇ ಹಾಕ್ಕೋತಾನೆ, ತಲೆ ತಾನೇ ಬಾಚ್ಕೋತಾನೆ. ಕಲಸಿ ಕೈತುತ್ತು ಕೊಡ್ತೀನಿ ಬಾರೋ ಅಂದ್ರೆ "ಬೇಡ ಅಜ್ಜಿ, ನಾನೇನು ಪಾಪೂನಾ" ಅಂತಾನೆ. ಆದ್ರೂ ಅಮ್ಮ ದಿನಾ ಬೆಳಿಗ್ಗೆ ಏಳೂವರೆಗೆ ಅವನ ನೀರಿನ ಬಾಟಲ್ ಹಿಡ್ಕೊಂಡು ಅಪಾರ್ಟ್‌ಮೆಂಟ್ ಗೇಟ್ ತನಕ ಹೋಗ್ತಾಳೆ, ಬಾಟಲ್ ಇಡೋಕೆ ಅವನ ಬ್ಯಾಗಲ್ಲೇ ಜಾಗ ಇದೆ. ವ್ಯಾನ್ ಹೋದ ಮೇಲೆ ವಾಪಸ್ ಬಂದು ನನ್ನ ಹತ್ರ "ಬೇರೆ ಏನಾದ್ರೂ ಕೆಲಸ ಇದ್ಯೇನೆ?" ಅಂತ ಕೇಳ್ತಾಳೆ. ಇಲ್ಲ ಕೂತ್ಕೋ ಅಮ್ಮ, ಟಿವಿ ನೋಡು ಅಂತೀನಿ. ಪ್ರೀತಿಯಿಂದಾನೇ ಹೇಳೋದು. ಅವಳು ಒಗೆದು ಮಡಚಿಟ್ಟಿರೋ ಬಟ್ಟೇನ ಮತ್ತೆ ಬಿಚ್ಚಿ ಮಡಚ್ತಾಳೆ. ಇದನ್ನ ನಾನು ಎಷ್ಟು ಸಲ ನೋಡಿದೀನಿ, ಒಂದು ಸಲಾನೂ ಯೋಚನೆ ಮಾಡಿರಲಿಲ್ಲ.

ಸೋಮವಾರ ನಮ್ಮನೆಯವರ ಹತ್ರ ಹೇಳಿದೆ. ಅವರು ಸ್ಟಾರ್ ಟ್ರೆಕ್ ಹುಚ್ಚಿನವರು, ಹಡಗಲ್ಲಿ ಆಕಾಶ ಸುತ್ತೋರ ಕಥೆ ಅದು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬರ್ತಿದ್ದ ಆ ಹಳೇ ಸರಣಿಯಿಂದ ಹಿಡಿದವರು (ಅಮ್ಮನಿಗೂ ಅದು ನೆನಪಿದೆ, ಪಕ್ಕದ ಮನೆ ಟಿವೀಲಿ "ಚೂಪು ಕಿವಿಯವನು" ಬರ್ತಿದ್ದ ಅಂತಾಳೆ). ಅವರು ತಕ್ಷಣ ಅದರ ಆಮೇಲಿನ ಸರಣಿಯ ಪಿಕಾರ್ಡ್ ಉದಾಹರಣೆ ಕೊಟ್ರು. 1987ರಿಂದ 1994ರ ತನಕ ಏಳು ಸೀಸನ್ ಕ್ಯಾಪ್ಟನ್ ಆಗಿದ್ದೋನು, 2020ರಲ್ಲಿ ಅವನ ಹೆಸರಲ್ಲೇ ಹೊಸ ಸೀರೀಸ್ ಬಂದಾಗ ಕೆಲಸ ಬಿಟ್ಟು ದ್ರಾಕ್ಷಿ ತೋಟದಲ್ಲಿ ಕೂತಿರ್ತಾನೆ, ನಾಯಿ ಇದೆ, ಮನೆ ಇದೆ, ಆದ್ರೂ ಸುಖ ಇಲ್ಲ, ಮತ್ತೆ ಆಕಾಶಕ್ಕೆ ಹೋದ್ಮೇಲೇನೇ ಅವನಿಗೆ ಜೀವ ಬರೋದು. ಆ ನಟನಿಗೆ ಆಗ 79 ವಯಸ್ಸು. "ಮನುಷ್ಯನಿಗೆ ಕೆಲಸ ಇದ್ರೇನೇ ಚೆನ್ನಾಗಿರೋದು ಕಣೇ, ಅತ್ತೆ ಅಲ್ಲಿ ಒಬ್ಬರೇ ಹೋಗಿ ಏನ್ಮಾಡ್ತಾರೆ?" ಅಂದ್ರು.

ಅವರಿಗೆ ಅಮ್ಮನ ಮೇಲೆ ಅಕ್ಕರೆ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ರಿಟೈರ್ ಆಗೋದು ಅಂದ್ರೆ ಅವರ ಪ್ರಕಾರ ಒಂದು ಕಾಯಿಲೆ. ನಾನು ಕೇಳ್ದೆ, ಪಿಕಾರ್ಡ್ ವಾಪಸ್ ಹೋಗಿದ್ದು ಎಲ್ಲಿಗೆ? ಅವನಿಗೆ ಆಕಾಶಾನೇ ಊರು, ಹಡಗೇ ಮನೆ. ಮೂರನೇ ಸೀಸನ್ನಲ್ಲಿ ಹಳೇ ಜೊತೆಗಾರರೆಲ್ಲ ಆ ಹಳೇ ಹಡಗಿನ ಒಳಗೆ ಕಾಲಿಟ್ಟಾಗ ನೀವು ಕಣ್ಣು ಒರೆಸ್ಕೊಂಡ್ರಲ್ಲ, ಅದು ಕೆಲಸಕ್ಕೆ ವಾಪಸ್ ಹೋದ್ರು ಅಂತಾನಾ ಇಲ್ಲ ಮನೆಗೆ ವಾಪಸ್ ಹೋದ್ರು ಅಂತಾನಾ? ಅವರು ಸುಮ್ಮನಾದ್ರು. ಆಮೇಲೆ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ, "ಅತ್ತೇನ ನಾವು ಯಾವತ್ತಾದ್ರೂ ಕೇಳಿದೀವಾ?" ಅಂದ್ರು.

ಕೇಳಿರಲಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಸಲಾನೂ ಕೇಳಿರಲಿಲ್ಲ.

ಸೀಕ್ವೆಲ್ ಬಗ್ಗೆ ನನ್ನ ಅಭಿಪ್ರಾಯ ಈ ವಾರ ಬದಲಾಗಿದೆ. ಎಲ್ಲದಕ್ಕೂ ಎರಡನೇ ಭಾಗ ಬೇಕು ಅಂತಲ್ಲ, ಎಷ್ಟೋ ಬೇಡದ್ದು ಬಂದಿವೆ. ಆದ್ರೆ ಮೂರನೇ ಭಾಗದಲ್ಲಿ ಶುಭಂ ಬಿತ್ತು ಅಂತ ನಾವೆಲ್ಲ ಕಣ್ಣು ಒರೆಸ್ಕೊಂಡು ಎದ್ದು ಬಂದ್ವಲ್ಲ, ಆಮೇಲೂ ವುಡಿ ಕಪಾಟಲ್ಲಿ ಕೂತೇ ಇದ್ದ. ಮಗು ದೊಡ್ಡದಾಗೋದನ್ನ ಎಲ್ಲರೂ ಕಥೆ ಮಾಡ್ತಾರೆ, ಅದನ್ನ ದೊಡ್ಡದು ಮಾಡಿದೋರು ಆಮೇಲೆ ಏನು ಮಾಡ್ತಾರೆ ಅಂತ ಕೇಳೋಕೆ ಇನ್ನೊಂದು ಸಿನಿಮಾ ಬೇಕಾಯ್ತು. ಬಾನಿ ಕೆಟ್ಟವಳಲ್ಲ, ಅವಳಿಗೆ ಬರೀ ಗೊತ್ತಾಗಿಲ್ಲ. ನಾನೂ ಕೆಟ್ಟವಳಲ್ಲ ಅಂತ ನನಗೆ ನಾನೇ ಹೇಳ್ಕೊತಿದೀನಿ, ಆದ್ರೆ ಬಾನಿ ಚಿಕ್ಕ ಮಗು, ನನಗೆ ನಲವತ್ತು ಹತ್ರ ಬಂತು.

ಮಂಗಳವಾರ ಸಂಜೆ ಅವರೇಕಾಯಿ ಸುಲೀತಾ ಕೂತಿದ್ದಾಗ ಕೇಳ್ದೆ, "ಅಮ್ಮಾ, ಊರಿಗೆ ಹೋಗ್ಬೇಕು ಅನ್ಸುತ್ತಾ?"

ಮೊದಲು "ನಾನೆಲ್ಲಿ ಹೋಗ್ಲೇ, ಇವನನ್ನ ಯಾರು ನೋಡ್ಕೋತಾರೆ" ಅಂದಳು. ನಾನು ಏನೂ ಹೇಳಲಿಲ್ಲ. ಕಾಳು ಬುಟ್ಟಿಗೆ ಬೀಳೋ ಸದ್ದು ಅಷ್ಟೇ. ಸ್ವಲ್ಪ ಹೊತ್ತಾದ್ಮೇಲೆ ತಾನೇ ಶುರು ಮಾಡಿದಳು. ಹಿತ್ತಲ ತೆಂಗಿನ ಮರಕ್ಕೆ ಗೊಬ್ಬರ ಹಾಕಿಸಿ ಎಷ್ಟು ವರ್ಷ ಆಯ್ತೋ, ಕಾಯಿ ಕೀಳಿಸೋರು ಸರಿಯಾಗಿ ಲೆಕ್ಕ ಕೊಡ್ತಿಲ್ಲ, ಅಡುಗೆಮನೆ ಕಡೆ ಹೆಂಚು ಎರಡು ಜಾರಿದೆಯಂತೆ, ಪಕ್ಕದ ಮನೆಯವರಿಗೆ ಮಂಡಿ ಆಪರೇಷನ್ ಆಯ್ತಂತೆ ಹೋಗಿ ಮಾತಾಡಿಸೋಕೂ ಆಗಲಿಲ್ಲ. ಒಂಬತ್ತು ವರ್ಷದ ಲೆಕ್ಕ ಒಂದೇ ಉಸಿರಲ್ಲಿ ಹೇಳಿದಳು. ಎಲ್ಲಾ ಅವಳ ತಲೇಲಿ ದಿನಾ ಓಡ್ತಾನೇ ಇತ್ತು ಅಂತ ಆಯ್ತು.

ಸದ್ಯಕ್ಕೆ ಒಂದು ತಿಂಗಳು ಅಂತ ಮಾತಾಗಿದೆ. ಅವಳಿಗೆ ಹಿಡಿಸಿದ್ರೆ ಇನ್ನೂ ಇರಲಿ, ನಾವೇ ಹೋಗಿ ಬರೋಣ, ಚನ್ನರಾಯಪಟ್ಟಣಕ್ಕೆ ಈಗ ಟ್ರೈನೇ ಇದೆಯಲ್ಲ. ಮಗನಿಗೆ ಸ್ಕೂಲಿಂದ ಬಂದ್ಮೇಲೆ ಎರಡು ಗಂಟೆ ನೋಡ್ಕೊಳ್ಳೋಕೆ ಕೆಳಗಿನ ಮನೆಯವರು ಒಪ್ಪಿದಾರೆ, ಇಷ್ಟು ಸುಲಭ ಇತ್ತು ಅಂತ ಅನ್ಸಿ ಇನ್ನೂ ಬೇಜಾರಾಯ್ತು. ಮಗ ಮೊದಲು ಮುಖ ಊದಿಸ್ಕೊಂಡ. ಆಮೇಲೆ ಅಜ್ಜಿ ಹತ್ರ ಹೋಗಿ, ನಾನು ಚೆನ್ನಾಗಿರ್ತೀನಿ ಅಜ್ಜಿ ಅಂದ. ಬಝ್ ಹೇಳಿದ ಮಾತೇ ಅದು, ಬೇಕು ಅಂತ ಹೇಳಿದ್ನೋ ತಾನಾಗೇ ಬಂತೋ, ನಾನು ಕೇಳೋಕೆ ಹೋಗಲಿಲ್ಲ. ಅಮ್ಮ ಅವನನ್ನ ಎಳ್ಕೊಂಡು ಲೊಚಲೊಚ ಅಂತ ಮುತ್ತು ಕೊಟ್ಟಳು, ಈ ಸಲ ಅವನು ಪಾಪೂನಾ ಅಂತ ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಬೀರು ಒಳಗಿಂದ ಊರಿನ ಮನೆ ಬೀಗದ ಕೈ ಗೊಂಚಲು ತೆಗೆದು ಮಡಿಲಲ್ಲಿ ಇಟ್ಕೊಂಡು ಕೂತಿದ್ಲು. ಹಳೇ ಹಿತ್ತಾಳೆ ಬೀಗದ ಉದ್ದ ಕೈ, ಹಳೇ ಸೀರೆ ಅಂಚಿನ ದಾರದಲ್ಲಿ ಕಟ್ಟಿರೋದು. ಸೆರಗಿನ ತುದೀಲಿ ಒಂದೊಂದನ್ನೇ ಉಜ್ಜುತ್ತಾ, "ಬೀಗ ಬಿಗಿಯಾಗಿಬಿಟ್ಟಿರುತ್ತೆ ಕಣೇ, ಒಂದು ಚಿಕ್ಕ ಸೀಸೇಲಿ ಕೊಬ್ಬರಿ ಎಣ್ಣೆ ಹಾಕ್ಕೊಡು" ಅಂದಳು. ಆಫೀಸಿಗೆ ಲೇಟಾಗಿತ್ತು. ಅಡುಗೆಮನೇಲಿ ಸರಿಯಾಗಿ ಮುಚ್ಚಳ ಕೂರೋ ಚಿಕ್ಕ ಸೀಸೆ ಹುಡುಕ್ತಾ ನಿಂತೆ.