ಐದು ಬೈಟು ಕಾಫಿ

ನಮ್ಮ ಕಾಲೇಜಿಗೆ ಸ್ವಂತ ಕಟ್ಟಡವಿರಲಿಲ್ಲ. ಚಾಮರಾಜಪೇಟೆಯ ಒಂದು ಶಾಲೆಯ ಮೂರು ಕೋಣೆಗಳಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಅದು ನಡೆಯುತ್ತಿತ್ತು. ಹಗಲೆಲ್ಲ ಚಿಕ್ಕ ಮಕ್ಕಳು ಕೂತು ಹೋದ ಬೆಂಚುಗಳಲ್ಲಿ ನಾವು ಮೊಣಕಾಲು ಮುದುಡಿಕೊಂಡು ಕೂರುತ್ತಿದ್ದೆವು. ಕಪ್ಪುಹಲಗೆಯ ಪಕ್ಕದ ಗೋಡೆಯ ಮೇಲೆ ಹದಿಮೂರರ ಮಗ್ಗಿ, ಹಲಗೆಯ ಮೇಲೆ ನಮ್ಮ ಮೇಷ್ಟ್ರು ಬರೆದ ಅಢಾವೆ ಪತ್ರಿಕೆ. 1981ರಿಂದ 1984ರವರೆಗೆ ನಾನು ಅಲ್ಲಿ ಬಿ.ಕಾಂ. ಓದಿದೆ. ಹಗಲು ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಸಂಬಳ ತಿಂಗಳಿಗೆ 275 ರೂಪಾಯಿ.

ತರಗತಿಯಲ್ಲಿ ಒಟ್ಟು ಇಪ್ಪತ್ತೊಂದು ಜನ. ಹದಿನೆಂಟು ಗಂಡಸರು, ಮೂವರು ಹುಡುಗಿಯರು. ಎಲ್ಲರೂ ಎಲ್ಲಿಯೋ ದುಡಿದು ಬರುವವರೇ. ಹಾಜರಿ ಕೂಗುವಾಗ ಒಬ್ಬರ ಕೈಗೆ ಗ್ರೀಸ್ ಮೆತ್ತಿರುತ್ತಿತ್ತು, ಇನ್ನೊಬ್ಬರ ಬೆರಳಿಗೆ ರಬ್ಬರ್ ಸ್ಟ್ಯಾಂಪಿನ ಶಾಯಿ. ಯಾರಾದರೂ ತೂಕಡಿಸಿದರೆ ಮೇಷ್ಟ್ರು ಎಬ್ಬಿಸುತ್ತಿರಲಿಲ್ಲ. ಸ್ವಲ್ಪ ದನಿ ತಗ್ಗಿಸಿ ಪಾಠ ಮುಂದುವರಿಸುತ್ತಿದ್ದರು. ಆ ಮೇಷ್ಟ್ರ ಮೇಲೆ ನನಗೆ ಇಂದಿಗೂ ಗೌರವ.

ಇಂಥ ಕಾಲೇಜಿನಲ್ಲಿ ಒಡನಾಟವೆಂದರೆ ಏಳು ಇಪ್ಪತ್ತಕ್ಕೆ ಸಿಗುತ್ತಿದ್ದ ಹದಿನೈದು ನಿಮಿಷದ ಬಿಡುವು. ಕಡ್ಲೇಕಾಯಿ ಪರಿಷೆಯ ಸೋಮವಾರ ಅರ್ಧ ತರಗತಿ ಬಸವನಗುಡಿಯಲ್ಲಿರುತ್ತಿತ್ತು. ಬೇಸಗೆಯಲ್ಲಿ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಹುಡುಗರು ಹೋಗಿ, ಟಿಕೆಟ್ ಇಲ್ಲದೆ ಹೊರಗೆ ಕಾಂಪೌಂಡಿಗೆ ಒರಗಿ ಕಛೇರಿ ಕೇಳುತ್ತಿದ್ದರು. ಉಳಿದ ದಿನಗಳಲ್ಲಿ ಆ ಹದಿನೈದು ನಿಮಿಷವೇ ಎಲ್ಲ.

ಬೀದಿಯ ತುದಿಯಲ್ಲೊಂದು ಹೋಟೆಲ್ ಇತ್ತು. ದಿನವೂ ಹೋಗುತ್ತಿದ್ದವರು ನಾವು ಹತ್ತು ಜನ, ಏಳು ಹುಡುಗರು ಮತ್ತು ನಾವು ಮೂವರು. ಹುಡುಗರು ಹೊರಗಿನ ಹಾಲ್‌ನಲ್ಲಿ ಅಮೃತಶಿಲೆಯ ಮೇಜಿಗೆ ಕೂರುವರು. ನಾವು ಒಳಗೆ ಬರುತ್ತಲೇ ಎಡಕ್ಕೆ ತಿರುಗಿ, ಹಸಿರು ಪರದೆ ಸರಿಸಿ ಫ್ಯಾಮಿಲಿ ರೂಮಿಗೆ ಹೋಗುವೆವು. ನಡುವೆ ಎದೆಮಟ್ಟಕ್ಕಿಂತ ಸ್ವಲ್ಪ ಎತ್ತರದ ಹಲಗೆಯ ಅಡ್ಡಗೋಡೆ. ಆ ಕಡೆಯ ನಗು ಕೇಳುತ್ತಿತ್ತು, ನಗುವಿಗೆ ಕಾರಣ ಕೇಳುತ್ತಿರಲಿಲ್ಲ. ಹೆಣ್ಣುಮಕ್ಕಳು ಹೊರಗೆ ಕೂರಬಾರದೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಆದರೂ ನಾವು ಕೂರುತ್ತಿರಲಿಲ್ಲ.

ಪೂರ್ತಿ ಕಾಫಿಗೆ 75 ಪೈಸೆ. ಎಲ್ಲರೂ ಬೈಟು ಹೇಳುತ್ತಿದ್ದೆವು. ಒಂದು ಕಾಫಿ ಎರಡು ಲೋಟಗಳಿಗೆ ಹಂಚಿ ಬರುತ್ತಿತ್ತು. ತೊಂದರೆಯೆಂದರೆ ನಾವು ಮೂವರು. ಇಬ್ಬರಿಗೆ ಬೈಟು ಆದರೆ ಒಬ್ಬಳಿಗೆ ಜೋಡಿ ಇಲ್ಲ, ಅವಳು ಪೂರ್ತಿ ತೆಗೆದುಕೊಂಡು ಪೂರ್ತಿ ದುಡ್ಡು ಕೊಡಬೇಕು. ಅದಕ್ಕೆ ಸರದಿ ಹಾಕಿಕೊಂಡಿದ್ದೆವು. ನನ್ನ ಸರದಿಯ ದಿನ ಮಾರ್ಕೆಟ್‌ನಿಂದ ಬಸ್ಸಿಗೆ ಕೊಡುವ ದುಡ್ಡು ಉಳಿಸಲು ಕಾಲೇಜಿನವರೆಗೆ ನಡೆದೇ ಬರುತ್ತಿದ್ದೆ. ಹಲಗೆಯ ಆ ಕಡೆ ಏಳು ಜನರಿಗೂ ಇದೇ ಕಷ್ಟ. “ಇವತ್ತು ಪೂರ್ತಿ ಯಾರದ್ದು?” ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಹೊತ್ತಿಗೆ ಏಳುತ್ತಿತ್ತು.

ನಿಜವಾದ ಪಾರ್ಟಿಗಳು ನಡೆಯುತ್ತಿದ್ದುದು ಒಂಬತ್ತರ ನಂತರ. ಒಬ್ಬನಿಗೆ ಕೆಲಸ ಖಾಯಂ ಆಯಿತು, ಒಬ್ಬನಿಗೆ ಗಂಡುಮಗು ಹುಟ್ಟಿತು, ಒಬ್ಬ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡ ಎಂದರೆ ಆ ರಾತ್ರಿ ಎಲ್ಲರಿಗೂ ಊಟ. ಆ ಹೊತ್ತಿಗೆ ನಾವು ಬಸ್‌ಸ್ಟಾಪಿನಲ್ಲಿರುತ್ತಿದ್ದೆವು. ಶ್ರೀನಗರದ ಬಸ್ಸು ತಪ್ಪಿದರೆ ಅಮ್ಮ ಬೀದಿಯ ತುದಿಗೆ ಬಂದು ನಿಂತುಬಿಡುತ್ತಿದ್ದಳು. ಮರುದಿನ ಪಾರ್ಟಿಯ ಕಥೆ ಕೇಳಿ ನಾವೂ ನಗುತ್ತಿದ್ದೆವು. ಕಂಡಿಲ್ಲದ್ದಕ್ಕೆ ನಗುವುದು ಎಂಥ ಸಂಕಟವೆಂದು ಆಗ ಯಾರಿಗೂ ಹೇಳಲಿಲ್ಲ. ಈಗ ಬರೆಯುವಾಗಲೂ ಗಂಟಲು ಬಿಗಿಯುತ್ತದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದರು, ವಯಸ್ಸು ಮೂವತ್ತಾರು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಕಾರ್ಮಿಕರು. ನಾವೆಲ್ಲ ಅವರನ್ನು ಫ್ಯಾಕ್ಟರಿ ಅಣ್ಣ ಎಂದೇ ಕರೆಯುತ್ತಿದ್ದೆವು. ಕೊನೆಯ ವರ್ಷ ಬೀಳ್ಕೊಡುಗೆಯ ಮಾತು ಬಂದಾಗ, ರಾತ್ರಿ ಊಟಕ್ಕೆ ಯಾವ ಹೋಟೆಲ್ ಎಂದು ಹುಡುಗರು ಚರ್ಚೆ ಮಾಡುತ್ತಿದ್ದರು. ಅಣ್ಣ ಎದ್ದು ನಿಂತು ಹೇಳಿದರು: “ರಾತ್ರಿ ಬೇಡ. ಭಾನುವಾರ ಹಗಲು ಮಾಡೋಣ, ಲಾಲ್‌ಬಾಗಿನಲ್ಲಿ. ಈ ಮೂವರು ಮೂರು ವರ್ಷ ನಮ್ಮ ಜೊತೆ ಓದಿದ್ದಾರೆ, ಒಂದು ದಿನ ನಮ್ಮ ಜೊತೆ ಕೂತು ಉಂಡಿಲ್ಲ.”

ಮನೆಯಲ್ಲಿ ಬಿಡುವುದಿಲ್ಲ ಎಂದೆವು. “ಅದನ್ನು ನನಗೆ ಬಿಡಿ, ತಂಗಿ” ಎಂದರು.

ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಅವರು ನಮ್ಮ ವಠಾರದ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಪಕ್ಕದಲ್ಲಿ ಹೆಂಡತಿ, ಹೆಂಡತಿಯ ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಸೆರಗು ಹಿಡಿದ ಐದು ವರ್ಷದ ಮಗಳು. ಮದುವೆಗೆ ಕರೆಯಲು ಬಂದವರಂತೆ ಬಂದಿದ್ದರು. ಅಮ್ಮ ಗಾಬರಿಯಲ್ಲಿ ಚಾಪೆ ಹಾಸಿದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

ಅಪ್ಪ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮಾತು ಕಡಿಮೆ. ಎಲ್ಲ ಕೇಳಿಕೊಂಡು, “ಗಂಡುಹುಡುಗರು ಎಷ್ಟು ಜನ?” ಎಂದರು.

“ಹದಿನೆಂಟು ಜನ, ಯಜಮಾನರೇ. ನನ್ನನ್ನೂ ಸೇರಿಸಿ.” ಅಣ್ಣ ಲೆಕ್ಕ ಮುಚ್ಚಿಡಲಿಲ್ಲ. “ಇವಳು ಬರುತ್ತಾಳೆ, ನಮ್ಮ ತಾಯಿಯವರು ಬರುತ್ತಾರೆ. ಇಬ್ಬರು ಮೇಷ್ಟ್ರು ಮನೆಯವರನ್ನು ಕರೆದುಕೊಂಡು ಬರುತ್ತಾರೆ. ಐದು ಗಂಟೆಗೆ ನಿಮ್ಮ ಮಗಳನ್ನು ಇದೇ ಬಾಗಿಲಿಗೆ ತಂದು ಬಿಡುತ್ತೇನೆ.”

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದದ್ದು ನನಗೆ ನೆನಪಿದೆ. ಆಮೇಲೆ ಅವರು ಕೇಳಿದ್ದು ಇಷ್ಟೇ: “ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿದ್ದೀರಾ?”

ಇಲ್ಲ ಎಂದರು ಅಣ್ಣ. ಅದಕ್ಕೆಲ್ಲ ದುಡ್ಡೆಲ್ಲಿತ್ತು?

ಎರಡು ದಿನದ ನಂತರ ಅಪ್ಪ ಕೆಲಸ ಮುಗಿದ ಮೇಲೆ ಅಚ್ಚುಕೂಟದಲ್ಲೇ ಉಳಿದು, ಮಾಲೀಕರನ್ನು ಕೇಳಿಕೊಂಡು, ಮದುವೆ ಪತ್ರಿಕೆಗಳಿಂದ ಮಿಕ್ಕಿದ್ದ ಕಾರ್ಡುಗಳ ಮೇಲೆ ಮೂವತ್ತು ಪ್ರತಿ ಅಚ್ಚು ಹಾಕಿ ತಂದರು. ಒಂದು ಕಾರ್ಡು ಈಗಲೂ ನನ್ನ ಪದವಿ ಪ್ರಮಾಣಪತ್ರದ ಜೊತೆಗಿದೆ. ತಿಳಿಹಳದಿ ಬಣ್ಣ, ಅಂಚಿಗೆ ಬಳ್ಳಿಯ ಚಿತ್ತಾರ. ‘ಬೀಳ್ಕೊಡುಗೆಯ ಕೂಟ’ ಎಂದು ನಡುವೆ ದಪ್ಪಕ್ಷರದಲ್ಲಿದೆ. ಅಚ್ಚಿನ ಮೊಳೆ ಒತ್ತಿದ ಕಡೆ ಹಿಂಬದಿಯಲ್ಲಿ ಉಬ್ಬಿದೆ, ಬೆರಳಾಡಿಸಿದರೆ ಅಕ್ಷರಗಳು ಸಿಗುತ್ತವೆ. ಕೆಳಗೆ ವಿದ್ಯಾರ್ಥಿಗಳ ಹೆಸರುಗಳು. ಮೊದಲ ಮೂರು ನಮ್ಮ ಹುಡುಗಿಯರದು. ಅಪ್ಪ ಆ ಮೂರನ್ನು ಮೇಲೆ ಕೂರಿಸಿದ್ದರು.

1984ರ ಮಾರ್ಚ್ ತಿಂಗಳ ಆ ಭಾನುವಾರ ಲಾಲ್‌ಬಾಗಿನಲ್ಲಿ ಹೊಂಗೆ ಚಿಗುರಿತ್ತು. ತಲೆಗೆ ಐದು ರೂಪಾಯಿ ವಂತಿಗೆ. ಅಣ್ಣನ ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪುಳಿಯೋಗರೆ ಕಲಸಿದ್ದರು. ನಮ್ಮ ಮನೆಯಿಂದ ಮೊಸರನ್ನ, ಇನ್ನೊಬ್ಬಳ ಮನೆಯಿಂದ ಕೋಸಂಬರಿ. ಹುಡುಗರು ಅಯ್ಯಂಗಾರ್ ಬೇಕರಿಯ ಖಾರದ ಬನ್ನು, ಕಾಂಗ್ರೆಸ್ ಕಡ್ಲೇಕಾಯಿ ತಂದಿದ್ದರು. ಮುತ್ತುಗದ ಎಲೆ ಹಾಕಿ ಬಡಿಸಿದವರು ಹುಡುಗರು. ನಮ್ಮನ್ನು ಏಳಗೊಡಲಿಲ್ಲ. ಊಟದ ಮೊದಲು ಕೆರೆ-ದಡ ಆಡಿದೆವು. “ಕೆರೆ” ಎಂದರೆ ಮುಂದಕ್ಕೆ, “ದಡ” ಎಂದರೆ ಹಿಂದಕ್ಕೆ ಜಿಗಿಯುವ ಆಟ. ಬಿಡುವಿನ ಹೊತ್ತಿನಲ್ಲೂ ಬಾಯಿ ಬಿಡದ ನಮ್ಮ ಮೂರನೆಯವಳು ಕೊನೆಯವರೆಗೆ ಔಟಾಗದೆ ಗೆದ್ದಳು.

ಇಳಿಹೊತ್ತಿಗೆ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿದೆವು. ಬಂಡೆ ಕಾದಿತ್ತು, ಟವೆಲು ಹಾಸಿ ಕೂತೆವು. ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಎಂದು ಮೇಷ್ಟ್ರು ಹೇಳಿದರು. ನಮ್ಮಲ್ಲಿ ಹೆಚ್ಚಿನವರು ಅದೇ ಊರಿನಲ್ಲಿ ಹುಟ್ಟಿ ಬೆಳೆದವರಾದರೂ ಯಾರಿಗೂ ಅದು ಗೊತ್ತಿರಲಿಲ್ಲ. ಆಮೇಲೆ ಅವರು, ಪ್ರತಿಯೊಬ್ಬರೂ ಈ ಕಾಲೇಜಿಗೆ ಯಾಕೆ ಸೇರಿದಿರಿ ಎಂದು ಎರಡು ಮಾತು ಹೇಳಿ ಎಂದರು.

ಆ ಎರಡೆರಡು ಮಾತಿಗೆ ಒಂದೂವರೆ ಗಂಟೆ ಹಿಡಿಯಿತು. ಹಿಂದಿನ ಬೆಂಚಿನಲ್ಲಿ ದಿನವೂ ನಿದ್ದೆ ಮಾಡುತ್ತಿದ್ದ ಹುಡುಗ ಬೆಳಗ್ಗೆ ಮೂರಕ್ಕೆ ಎದ್ದು ಮಾರ್ಕೆಟ್‌ನಲ್ಲಿ ತಂದೆಯ ಜೊತೆ ಹೂವಿನ ಮೂಟೆ ಇಳಿಸುತ್ತಿದ್ದನಂತೆ. ಒಬ್ಬ ಸರ್ಕಾರಿ ಕಚೇರಿಯಲ್ಲಿ ಲಿಫ್ಟ್ ನಡೆಸುವವನು. ತಾನು ಮೇಲಕ್ಕೆ ಕರೆದೊಯ್ಯುವ ಗುಮಾಸ್ತರ ಜೊತೆ ಒಂದು ದಿನ ತಾನೂ ಇಳಿದು ಒಳಗೆ ಹೋಗಬೇಕು ಎಂದ. ಮೂರು ವರ್ಷ ಇವರ ರೋಲ್ ನಂಬರ್ ಮಾತ್ರ ನನಗೆ ಗೊತ್ತಿತ್ತು.

ಅಣ್ಣ ಮುಷ್ಕರದ ಮಾತೆತ್ತಿದರು. 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ ಮರುವರ್ಷದ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳು 77 ದಿನ ನಿಂತಿದ್ದ ಕಾಲ. “ಸಂಬಳವಿಲ್ಲ. ಇವಳ ಬಳೆ ಗಿರವಿ ಅಂಗಡಿಗೆ ಹೋದವು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಹಳೆಯ ಪಿಯುಸಿ ಪುಸ್ತಕ ತೆಗೆದು ಓದಿದೆ. ಮುಷ್ಕರ ಮುಗಿಯಿತು, ಓದುವ ಆಸೆ ನಿಲ್ಲಲಿಲ್ಲ” ಎಂದರು. ಅವರ ಹೆಂಡತಿ ತಲೆ ತಗ್ಗಿಸಿ ಮಗಳ ಜಡೆ ಸರಿಮಾಡುತ್ತಿದ್ದರು. ಕೈಯಲ್ಲಿ ಗಾಜಿನ ಬಳೆಗಳಿದ್ದವು. ನಾವು ಯಾರೂ ಮಾತಾಡಲಿಲ್ಲ.

ನನ್ನ ಸರದಿ ಬಂದಾಗ ಅಪ್ಪನ ಕಣ್ಣಿನ ವಿಷಯ ಹೇಳಿದೆ. ಮೊಳೆಯ ಅಕ್ಷರಗಳು ತಿರುವುಮುರುವಾಗಿರುತ್ತವೆ, ಅವನ್ನು ಮಂದ ಬೆಳಕಿನಲ್ಲಿ ಇಪ್ಪತ್ತೆಂಟು ವರ್ಷ ಓದಿ ಓದಿ ಅಪ್ಪನ ದೃಷ್ಟಿ ಇಳಿದಿತ್ತು. ಅವರು ಕೆಲಸ ಬಿಡುವುದರೊಳಗೆ ನನಗೆ ಒಳ್ಳೆಯ ಕೆಲಸ ಬೇಕಿತ್ತು. ಮನೆಯ ಹೊರಗೆ ಆ ಮಾತು ಆಡಿದ್ದು ಅದೇ ಮೊದಲು. ಹೂವಿನ ಹುಡುಗ ಜೇಬಿನಿಂದ ಅಪ್ಪ ಅಚ್ಚು ಹಾಕಿದ ಕಾರ್ಡು ತೆಗೆದು ಮತ್ತೊಮ್ಮೆ ನೋಡಿದ.

ಐದಕ್ಕೆ ಹತ್ತು ನಿಮಿಷವಿರುವಾಗಲೇ ಅಣ್ಣ ನನ್ನನ್ನು ಮನೆಗೆ ಮುಟ್ಟಿಸಿದರು. ಅಪ್ಪ ಜಗಲಿಯಲ್ಲಿ ಕೂತಿದ್ದರು, ಕೈಯಲ್ಲಿ ಗಡಿಯಾರವಿರಲಿಲ್ಲ. “ಎಲ್ಲರೂ ಬಂದಿದ್ದರಾ?” ಎಂದು ಕೇಳಿ ಒಳಗೆ ಹೋದರು.

ಮರುದಿನ ಸೋಮವಾರ ಏಳು ಇಪ್ಪತ್ತಕ್ಕೆ ಎಂದಿನಂತೆ ಹೋಟೆಲಿಗೆ ಹೋದೆವು. ಹುಡುಗರು ತಮ್ಮ ಮೇಜಿಗೆ ಕೂತರು. ಕೆರೆ-ದಡದಲ್ಲಿ ಗೆದ್ದವಳು ನಮಗಿಂತ ಎರಡು ಹೆಜ್ಜೆ ಮುಂದಿದ್ದಳು. ಹಸಿರು ಪರದೆಯ ಹತ್ತಿರ ಬಂದವಳು ಎಡಕ್ಕೆ ತಿರುಗಲಿಲ್ಲ. ನೇರವಾಗಿ ಹೋಗಿ ಹುಡುಗರ ಪಕ್ಕದ ಖಾಲಿ ಮೇಜು ಹಿಡಿದು ಎಳೆದಳು. ಲಿಫ್ಟ್ ಹುಡುಗ ಎದ್ದು ಇನ್ನೊಂದು ತುದಿ ಹಿಡಿದ. ಎರಡು ಮೇಜು ಸೇರಿದವು, ನಾವು ಕೂತೆವು. ಗಲ್ಲಾದ ಯಜಮಾನರು ಕತ್ತೆತ್ತಿ ನೋಡಿ ಮತ್ತೆ ಚಿಲ್ಲರೆ ಎಣಿಸತೊಡಗಿದರು.

ಮಾಣಿ ಬಂದು ನಮ್ಮನ್ನು ತಲೆತಲೆ ಎಣಿಸಿದ. ಮೂರು ವರ್ಷದಲ್ಲಿ ಮೊದಲ ಸಲ “ಇವತ್ತು ಪೂರ್ತಿ ಯಾರದ್ದು?” ಎಂದು ಯಾರೂ ಕೇಳಬೇಕಾಗಲಿಲ್ಲ.

“ಐದು ಬೈಟು” ಎಂದರು ಅಣ್ಣ.