ಮೈಗ್ರೇನಿಗೆ ಡೆಕ್ಸಾ: ಯಾರಿಗೆ, ಎಷ್ಟು, ಹೇಗೆ

ಮೈಗ್ರೇನ್ ಎಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಿಗೆ ಡೆಕ್ಸಾಮೆಥಾಸೋನ್ (ಡೆಕ್ಸಾ) ಎಂಬ ಸ್ಟೀರಾಯ್ಡ್ ಕೊಟ್ಟು, ಅರ್ಧ ಗಂಟೆ ಬಿಟ್ಟು ‘ಇನ್ನೂ ನೋವು ಇಳಿದಿಲ್ವಾ?’ ಎಂದು ಕೇಳುವುದುಂಟು. ಇಳಿಯುವುದಿಲ್ಲ. ಆ ಹೊತ್ತಿನ ನೋವಿಗೆ ಅದು ಮದ್ದೇ ಅಲ್ಲ. ಮನೆಗೆ ಹೋದ ಮೇಲೆ ಎರಡು ಮೂರು ದಿನಗಳೊಳಗೆ ನೋವು ಮರುಕಳಿಸುವ ಸಾಧ್ಯತೆಯನ್ನು ತಗ್ಗಿಸುವುದಷ್ಟೇ ಅದರ ಕೆಲಸ. ಪರಿಣಾಮ 36ರಿಂದ 54 ಗಂಟೆ ಉಳಿಯುವುದರಿಂದ ಒಂದೇ ಡೋಸ್ ಸಾಕು. ಲಾಭ ದೊಡ್ಡದೇನಲ್ಲ: ಸುಮಾರು ಹತ್ತು ಮಂದಿಗೆ ಕೊಟ್ಟರೆ ಒಬ್ಬರಿಗೆ ಮರುಕಳಿಕೆ ತಪ್ಪುತ್ತದೆ. ಆದ್ದರಿಂದ ಸಿಕ್ಕವರಿಗೆಲ್ಲ ಕೊಡುವ ಬದಲು, ನೋವು 72 ಗಂಟೆ ದಾಟಿದವರಿಗೆ, ಹಿಂದೆಯೂ ಹೀಗೇ ಮರಳಿ ಬಂದವರಿಗೆ ಮೀಸಲಿಡುವುದು ಒಳ್ಳೆಯದು.

ನೋವು ಇಳಿಸಲು ಮೊದಲು ಮೆಟೊಕ್ಲೋಪ್ರಮೈಡ್ (ವಾಂತಿ ತಡೆಯುವ, ಮೈಗ್ರೇನ್ ನೋವನ್ನೂ ಇಳಿಸುವ ಔಷಧ) 10 ಮಿ.ಗ್ರಾಂ, ರಕ್ತನಾಳಕ್ಕೆ, 15 ನಿಮಿಷ ಹಿಡಿದು ನಿಧಾನವಾಗಿ. ಗಡಿಬಿಡಿಯಲ್ಲಿ ಒಮ್ಮೆಲೇ ತಳ್ಳಿದರೆ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಗುತ್ತದೆ. ಡ್ರಿಪ್ ಕಿತ್ತು ಹೊರಟವರನ್ನು ಹಟಮಾರಿ ಅನ್ನುವ ಮೊದಲು ಔಷಧ ಎಷ್ಟು ವೇಗದಲ್ಲಿ ಹೋಯಿತು ಎಂದು ನೋಡಿ.

ಇನ್ನು ಡೆಕ್ಸಾ ಪ್ರಮಾಣ. ಹಳೆಯ ಅಧ್ಯಯನಗಳಲ್ಲಿ 10ರಿಂದ 24 ಮಿ.ಗ್ರಾಂವರೆಗೂ ಕೊಟ್ಟಿದ್ದರು. 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ಮೆಟೊಕ್ಲೋಪ್ರಮೈಡ್ ಜೊತೆಗೆ 4 ಮತ್ತು 16 ಮಿ.ಗ್ರಾಂ ಕೊಟ್ಟು ಹೋಲಿಸಿತು. 16ರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹಾಗಿದ್ದ ಮೇಲೆ ಪ್ರಮಾಣ ಏರಿಸಲು ನನಗಂತೂ ಕಾರಣ ಕಾಣುವುದಿಲ್ಲ. ವಯಲ್‌ನಲ್ಲಿ ಮಿ.ಲೀ.ಗೆ 4 ಮಿ.ಗ್ರಾಂ ಇರುವುದು ಸಾಮಾನ್ಯ, ಬೇರೆ ಸಾಂದ್ರತೆಯದೂ ಇದೆ. ಲೇಬಲ್ ಓದಿಯೇ ಸಿರಿಂಜಿಗೆ ಎಳೆಯಿರಿ.

ಇದನ್ನೂ ರಭಸದಿಂದ ತಳ್ಳಬಾರದು. ತಳ್ಳಿದರೆ ಜನನಾಂಗ, ಗುದದ ಸುತ್ತ ಥಟ್ಟನೆ ಉರಿ, ತುರಿಕೆ. ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಇಳಿಯುತ್ತದೆ, ಆದರೆ ಮುಂಚೆ ಹೇಳಿರದಿದ್ದರೆ ರೋಗಿ ಬೆಚ್ಚಿಬೀಳುತ್ತಾರೆ, ಸಂಕೋಚದಿಂದ ಬಾಯಿಯನ್ನೂ ಬಿಡುವುದಿಲ್ಲ. 50 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ 10–15 ನಿಮಿಷದಲ್ಲಿ ಹರಿಸಿದರೆ ಈ ಫಜೀತಿ ಬಹುಪಾಲು ತಪ್ಪುತ್ತದೆ.

ಸಕ್ಕರೆ ಕಾಯಿಲೆ ಇದ್ದರೆ ಒಂದೆರಡು ದಿನ ಸಕ್ಕರೆ ಏರುತ್ತದೆ, ಮನೆಯಲ್ಲಿ ಪರೀಕ್ಷಿಸಿಕೊಳ್ಳಲು ಹೇಳಿ ಕಳಿಸಿ. ಆ ರಾತ್ರಿ ನಿದ್ದೆ ಕೆಡಬಹುದು. ಜ್ವರ, ಕತ್ತಿನ ಬಿಗಿತ, ಸಿಡಿಲೆರಗಿದಂತೆ ಒಮ್ಮೆಲೇ ಬಂದ ನೋವು ಇದ್ದರೆ ಅದನ್ನು ಮೈಗ್ರೇನ್ ಎಂದು ಬಗೆಯದೆ ಕಾರಣ ಹುಡುಕಬೇಕು. 50 ದಾಟಿದವರಲ್ಲಿ ಹೊಸದಾಗಿ ಶುರುವಾದ ತಲೆನೋವು, ಕಣ್ಣು-ಕಿವಿಗಳ ನಡುವಿನ ಕಣತಲೆಯ ಬಳಿ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು ಇದ್ದರೆ ಉರಿಯೂತ ಪತ್ತೆಹಚ್ಚುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗೆ ರಕ್ತ ತೆಗೆದುಕೊಳ್ಳಿ. ಅದು ರಕ್ತನಾಳದ ಉರಿಯೂತವಾಗಿದ್ದರೆ ದೃಷ್ಟಿಯೇ ಹೋದೀತು; ಅದಕ್ಕೆ ಬೇಕಾದ ಸ್ಟೀರಾಯ್ಡ್ ಚಿಕಿತ್ಸೆಯ ಲೆಕ್ಕವೇ ಬೇರೆ.

ತಿಂಗಳು ತಿಂಗಳೂ ಬಂದು ಡೆಕ್ಸಾ ಕೇಳುವವರಿಗೆ ಕೊಡುತ್ತಲೇ ಹೋಗಬೇಡಿ. ಪದೇ ಪದೇ ಕೊಟ್ಟರೆ ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಸಾಯುವ ಅಪಾಯವಿದೆ. ಅಂಥವರು ತಿಂಗಳಲ್ಲಿ ಎಷ್ಟು ದಿನ ನೋವಿನ ಮಾತ್ರೆ ನುಂಗುತ್ತಾರೆ ಎಂದು ಕೇಳಿ. ಟ್ರಿಪ್ಟಾನ್ (ಮೈಗ್ರೇನಿಗೆಂದೇ ಇರುವ ಮಾತ್ರೆ) 10 ದಿನ, ಸಾಮಾನ್ಯ ಮಾತ್ರೆ 15 ದಿನ ಮುಟ್ಟಿದ್ದರೆ ತಲೆನೋವಿಗೆ ಮಾತ್ರೆಯೇ ಕಾರಣವಿರಬಹುದು, ನೋವು ಬಾರದಂತೆ ತಡೆಯುವ ನಿತ್ಯದ ಔಷಧಿಯ ಮಾತೆತ್ತಲು ಅದೇ ಸಮಯ.