ಎಡಗಣ್ಣಿನಲ್ಲಿ ಬಿಟ್ಟುಹೋದ ಜಾಗ

ಕೂಸಿನ ಎದೆಬಡಿತ ತೋರಿಸುವ ಮಾನಿಟರ್ ಸದ್ದು ಕಮ್ಮಿ ಮಾಡಿ ಅಂದವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗರ್ಭದ 26 ವಾರಕ್ಕೇ ಹುಟ್ಟಿದ ಕೂಸು, ಅದೇ ಲೆಕ್ಕದಲ್ಲಿ ಆಗ 35ನೇ ವಾರ. ಕಾಯಿಲೆ ಆರ್‌ಒಪಿ: ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವುದು. ಎರಡೂ ಕಣ್ಣು ಝೋನ್ 2 (ರೆಟಿನಾದ ನಡುವಲಯ), ಸ್ಟೇಜ್ 3, ಪ್ಲಸ್ (ರಕ್ತನಾಳ ಊದಿ ತಿರುಚಿಕೊಂಡಿರುವುದು). ಅದು ಟೈಪ್ 1, ಚಿಕಿತ್ಸೆ ತಡಮಾಡಬಾರದ ಬಗೆ; ಅಂದಮೇಲೆ 72 ಗಂಟೆಯೊಳಗೆ ಲೇಸರ್ ಆಗಬೇಕು. ಅದರಲ್ಲಿ ಎರಡು ದಿನ ಸ್ಲಾಟ್‌ಗಾಗಿ ಕಾಯುವುದರಲ್ಲೇ ಕಳೆದಿತ್ತು. ಸ್ಲಾಟ್ ಹಂಚುವವರು ಒಮ್ಮೆ ಲೆನ್ಸಿನಲ್ಲಿ ಇಣುಕಿ ಆ ರಕ್ತನಾಳಗಳು ಎರೆಹುಳುಗಳ ಹಾಗೆ ಉಬ್ಬಿ ಹೊರಳಾಡಿರುವುದನ್ನು ನೋಡಬೇಕಿತ್ತು.

ಬಲಗಣ್ಣು ಸಲೀಸಾಗಿ ಮುಗಿಯಿತು. ಎಡಗಣ್ಣನ್ನು ಗಡಿಯಾರದ ಮುಖ ಅಂದುಕೊಂಡರೆ ಮೂರು ಗಂಟೆಯ ಕಡೆ ಓರಾ, ಅಂದರೆ ರೆಟಿನಾದ ಅಂಚು, ಕಾಣಲಿಲ್ಲ; ಕಣ್ಣುಗುಡ್ಡೆ ಒತ್ತುವ ಡಿಪ್ರೆಸರ್ ಇನ್ನಷ್ಟು ಒತ್ತಿದೆ. ಇಂಡೈರೆಕ್ಟ್, ಅಂದರೆ ಕಣ್ಣಿನೊಳಗೆ ನೋಡುವ ದೀಪದ ಉಪಕರಣ, ತಲೆಗೇರಿಸಿದ ಮೇಲೆ ಲೆನ್ಸಿನೊಳಗಿನ ಆ ಕಿತ್ತಳೆ ವೃತ್ತ ಬಿಟ್ಟರೆ ಬೇರೆ ಲೋಕವೇ ಇರುವುದಿಲ್ಲ.

"ಡಾಕ್ಟ್ರೇ, ಹಾರ್ಟ್ ರೇಟ್ 70," ಅಂದರು ಸಿಸ್ಟರ್.

"ಇನ್ನೆರಡು ಶಾಟ್."

"52. ಕೈ ತೆಗೀರಿ."

ತೆಗೆದೆ. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು, ಉಸಿರೂ ಇರಲಿಲ್ಲ. ಸಿಸ್ಟರ್ ಅಂಗಾಲು ಉಜ್ಜಿದರು, ಜಗ್ಗಲಿಲ್ಲ. ಉಸಿರು ಕೊಡುವ ಬ್ಯಾಗ್ ಹಿಡಿದರು. ಕಣ್ಣು ಒತ್ತಿದರೆ ಎದೆಬಡಿತ ಇಳಿಯುವ ಆಕ್ಯುಲೋಕಾರ್ಡಿಯಾಕ್ ರಿಫ್ಲೆಕ್ಸ್ ಬಗ್ಗೆ ಜೂನಿಯರ್‌ಗಳಿಗೆ ಗಂಟೆಗಟ್ಟಲೆ ಪಾಠ ಹೇಳುವ ನಾನು ಲೆನ್ಸ್ ಹಿಡಿದ ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಂತಿದ್ದೆ. 80. 110. 140. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ನನ್ನ ಬೆನ್ನು ಪೂರ್ತಿ ಒದ್ದೆ.

ದೊಡ್ಡ ತಪ್ಪು ಇನ್ನೂ ಮುಂದಿತ್ತು. ಹೆದರಿದ ಕೈ ಒತ್ತುವುದಿಲ್ಲ. ಕಂಡಷ್ಟು ಜಾಗಕ್ಕೆ ಲೇಸರ್ ಹೊಡೆದು, ಫೈಲಿನಲ್ಲಿ 'ಕಂಪ್ಲೀಟ್' ಅಂತ ಬರೆದು ಎದ್ದೆ.

ಏಳನೇ ದಿನ ಬಲಗಣ್ಣಿನ ಪ್ಲಸ್ ಇಳಿದಿತ್ತು. ಎಡಗಣ್ಣು ಇದ್ದ ಹಾಗೇ ಇತ್ತು. ಮೊದಲು ಮಷೀನಿಗೆ ಬೈದೆ: ಹಳೇದು, ಪವರ್ ನಿಲ್ಲಲ್ಲ, ಬದಲಾಯಿಸಿ ಅಂದರೆ ಯಾರೂ ಕೇಳಲ್ಲ. "ಬಲಗಣ್ಣಿಗೂ ಅದೇ ಮಷೀನು ತಾನೇ?" ಅಂದರು ಸಿಸ್ಟರ್, ತಲೆಯೆತ್ತದೆ. ಒತ್ತಿ ನೋಡಿದೆ. ಮೂರು ಗಂಟೆಯ ಕಡೆಯಿಂದ ಐದರ ಕಡೆಯವರೆಗೆ ಒಂದೂ ಲೇಸರ್ ಗುರುತಿಲ್ಲದ ಬೂದು ರೆಟಿನಾ. ಅಷ್ಟು ಸಾಕು, ರಕ್ತನಾಳ ಬೆಳೆಸುವ ವಿಇಜಿಎಫ್ ಪ್ರೋಟೀನು ಸುರಿಯುತ್ತಲೇ ಇರಲು. ಇನ್ನೊಂದೆರಡು ವಾರ ಬಿಟ್ಟಿದ್ದರೆ ಸ್ಟೇಜ್ 4ಎ ಆಗಿ, ಅಂದರೆ ರೆಟಿನಾ ಒಂದಿಷ್ಟು ಕಿತ್ತುಕೊಂಡು, ವಿಟ್ರೆಕ್ಟಮಿ ಆಪರೇಷನ್ನಿಗೆ ಓಡಬೇಕಾಗುತ್ತಿತ್ತೇನೋ.

ಅಂದೇ ಫಿಲ್-ಇನ್ ಮಾಡಿದೆ, ಬಿಟ್ಟ ಜಾಗಕ್ಕೆ ಮತ್ತೆ ಲೇಸರ್. ಅನಸ್ತೇಶಿಯಾದವರು ಪಕ್ಕದಲ್ಲಿ, ಅಲಾರಂ ಪೂರ್ತಿ ಜೋರು. ಸ್ವಲ್ಪ ಒತ್ತು, ಬಿಡು, ಕಾಯು. ಮೂರರಿಂದ ಐದರವರೆಗಿನ ಆ ಜಾಗಕ್ಕೆ ನಲವತ್ತು ನಿಮಿಷ ಹಿಡಿಯಿತು.

ಅದಕ್ಕೂ ಮುಂಚೆ ತಾಯಿಯ ಸಹಿ ಬೇಕಿತ್ತು. "ಹೋದ ವಾರವೇ ಮುಗೀತು ಅಂದಿದ್ರಲ್ಲ?" ಅಂತ ಕೇಳಿದರು. "ಕೆಲವು ಕಣ್ಣುಗಳಿಗೆ ಎರಡು ಸಲ..." ಅಂತ ಶುರು ಮಾಡಿದೆ. ಸಿಸ್ಟರ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಒಂದು ಕಡೆ ನಾನೇ ಬಿಟ್ಟಿದ್ದೆ," ಅಂದೆ.

ಅವರು ಏನೂ ಹೇಳದೆ ಪೆನ್ನು ಕೇಳಿದರು.